ನೋಡೋಣ ಎಂಬ ಒಪ್ಪಿಗೆ

ನಮ್ಮ ರಾಜ್ಯದ ಸರಕಾರಿ ಕಾಲೇಜುಗಳ ಹಾಗೂ ವಿಶ್ವವಿದ್ಯಾಲಯಗಳ ಆಡಳಿತದ ಇತಿಹಾಸವನ್ನು ಮುಂದೆ ಯಾರಾದರೂ ಬರೆಯಲು ಕುಳಿತರೆ, ಅವರು ಬಯಸಲಿ ಬಿಡಲಿ, ಅದನ್ನು ಪುನಾರಚನೆಗೆ ಮೊದಲು ಮತ್ತು ಪುನಾರಚನೆಯ ನಂತರ ಎಂದು ಎರಡು ಭಾಗ ಮಾಡಲೇಬೇಕಾಗುತ್ತದೆ. ಆ ಎರಡು ಭಾಗಗಳನ್ನು ಕೂಡಿಸಿದ ಹೊಲಿಗೆಯ ಬಗ್ಗೆ ಅಭಿಪ್ರಾಯ ಹೇಳಿದವರು ಅನೇಕರಿದ್ದರೂ ಸೂಜಿ ಹಿಡಿದು ಕೂತವರು ಒಬ್ಬರೇ. ಅವರೇ ಈ ತಿಂಗಳ ಕೊನೆಗೆ ರಾಜ್ಯ ಉನ್ನತ ಶಿಕ್ಷಣ ಮಂಡಳಿಯ ಕಾರ್ಯದರ್ಶಿ ಸ್ಥಾನದಿಂದ ನಿವೃತ್ತರಾಗುತ್ತಿರುವ ನಮ್ಮ ಮೇಡಂ. ಅವರ ಹೆಸರಿನ ಹಿಂದೆ ಮುಂದೆ ಪದವಿಗಳಿಗೆ ಕೊರತೆಯಿಲ್ಲ. ನಮ್ಮ ಇಲಾಖೆಯಲ್ಲಿ ಮೇಡಂಗಳಿಗೂ ಕೊರತೆಯಿಲ್ಲ. ಆದರೂ ‘ಮೇಡಂ ಕರೀತಿದ್ದಾರೆ’ ಎಂದು ಜವಾನ ಬಂದು ಹೇಳಿದರೆ ಯಾವ ಮೇಡಂ ಎಂದು ಯಾರೂ ಕೇಳುತ್ತಿರಲಿಲ್ಲ.

ಇಂಥವರಿಗೆ ಅಭಿನಂದನ ಗ್ರಂಥವೊಂದನ್ನು ಅರ್ಪಿಸಬೇಕೆಂಬ ಆಸೆ ನಮ್ಮೆಲ್ಲರಿಗೂ ಇತ್ತು. ಗ್ರಂಥ ಸಮಿತಿಯ ಸಂಚಾಲಕಿಯಾದ ನಾನು ಇಬ್ಬರು ಗೆಳತಿಯರೊಂದಿಗೆ ಅವರ ಕೊಠಡಿಗೆ ಹೋಗಿ, ಕೈಕಟ್ಟಿ ನಿಂತು, ವಿಷಯ ಅರಿಕೆ ಮಾಡಿಕೊಂಡೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತಾ, “ನೋಡೋಣ ಬಿಡಿ” ಎಂದರು. ನಾವು ನಮಸ್ಕರಿಸಿ ಹೊರಬಂದು, ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು, ಅಂದೇ ಸಮಿತಿಯ ನಡಾವಳಿಯಲ್ಲಿ ‘ಮೇಡಂ ಅವರು ಸಂತೋಷದಿಂದ ಸಮ್ಮತಿಸಿರುತ್ತಾರೆ’ ಎಂದು ಬರೆದೆವು. ‘ಸಂತೋಷದಿಂದ’ ಎಂಬುದು ನನ್ನದೇ ಸೇರ್ಪಡೆ. ಲೇಖನಗಳು ಬಂದವು, ಅಚ್ಚಿನ ಮನೆಗೆ ಹೋದವು. ಗ್ರಂಥ ಅರ್ಧ ಅಚ್ಚಾದ ಮೇಲೆ ಒಂದು ದಿನ ಕರಡು ತಿದ್ದುತ್ತಾ ಕೂತಿದ್ದಾಗ, ನಾವು ಏನು ಮಾಡಿಬಿಟ್ಟಿದ್ದೇವೆಂಬುದು ನನಗೆ ಹೊಳೆಯಿತು. ಎಲ್ಲರ ನಡುವೆ ಎಡವಿ ಬಿದ್ದವಳ ಹಾಗೆ ಮುಖ ಕೆಂಪಾಯಿತು. ಯಾಕೆ ಹಾಗಾಯಿತೆಂದು ಹೇಳಬೇಕಾದರೆ ಮೇಡಂ ಅವರ ಸೇವೆಯ ಮೊದಲಿನಿಂದ ಬರಬೇಕು. ಅಭಿನಂದನ ಲೇಖನದ ಕ್ರಮವೂ ಅದೇ ಆದ್ದರಿಂದ ಓದುಗರು ಸಹಿಸಿಕೊಳ್ಳುತ್ತಾರೆಂದು ನಂಬಿದ್ದೇನೆ.

ಮೇಡಂ ಅಧ್ಯಾಪನ ವೃತ್ತಿಗೆ ಕಾಲಿಟ್ಟಿದ್ದು ಸಂಜೆ ಕಾಲೇಜಿನಲ್ಲಿ. ಹಗಲೆಲ್ಲ ಪ್ರಾಥಮಿಕ ಶಾಲೆಯಾಗಿರುತ್ತಿದ್ದ ಕಟ್ಟಡ ಸಂಜೆ ಆರಕ್ಕೆ ಕಾಲೇಜಾಗುತ್ತಿತ್ತು. ಬೆಂಚುಗಳೆಲ್ಲ ಮಕ್ಕಳ ಅಳತೆಯವು. ಬಸ್ಸಿನ ಕಂಡಕ್ಟರುಗಳು, ಆಸ್ಪತ್ರೆಯ ಆಯಾಗಳು, ಗ್ಯಾರೇಜಿನ ಮೆಕ್ಯಾನಿಕ್ಕುಗಳು, ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಬಾತ ನನ್ನಂಥ ಹೆಂಗಸರು, ಮೊಣಕಾಲನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಓರೆಯಾಗಿ ಕೂತು ಪದವಿ ಓದುತ್ತಿದ್ದೆವು. ಕರಿಹಲಗೆಯ ಅರ್ಧವನ್ನು ಮೂರನೇ ತರಗತಿಯ ಟೀಚರು ಏಳರ ಮಗ್ಗಿ ಬರೆದು, ಸುತ್ತ ಗೆರೆ ಎಳೆದು, ‘ಅಳಿಸಬಾರದು’ ಎಂದು ಎಚ್ಚರಿಕೆ ಕೊಟ್ಟು ಹೋಗಿರುತ್ತಿದ್ದರು. ಉಳಿದರ್ಧದಲ್ಲಿ ಮೇಡಂ ನಮಗೆ ಕನ್ನಡ ವ್ಯಾಕರಣ ಕಲಿಸುತ್ತಿದ್ದರು. ನಮ್ಮ ತರಗತಿಯ ಎಲ್ಲರಿಗೂ ಇವತ್ತಿಗೂ ಕ್ರಿಯಾಪದಗಳ ಜೊತೆ ಏಳರ ಮಗ್ಗಿ ಬಾಯಿಪಾಠವಿದೆ.

ಆ ಕಾಲೇಜಿನ ಪ್ರಾಂಶುಪಾಲರ ಬಗ್ಗೆ ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ‘ಬೇಡ’, ‘ಆಗುವುದಿಲ್ಲ’ ಎಂಬ ಮಾತುಗಳೇ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಯಾರು ಏನು ಕೇಳಿದರೂ ‘ನೋಡೋಣ’ ಎನ್ನುತ್ತಿದ್ದರು. ಅದಕ್ಕೇ ಅವರು ಎಲ್ಲರ ಬಾಯಲ್ಲಿ ನೋಡೋಣ ಸಾರ್ ಆಗಿದ್ದರು. ಆದರೆ ಆ ಒಂದು ಪದದಲ್ಲೇ ಅವರು ಇಡೀ ಕಾಲೇಜನ್ನು ನಡೆಸುತ್ತಿದ್ದರು, ನಾವೂ ಅದನ್ನು ಓದಲು ಕಲಿತಿದ್ದೆವು. ‘ನೋಡೋಣ ನೋಡೋಣ’ ಎಂದು ಎರಡು ಸಲ ಬೇಗಬೇಗ ಅಂದರೆ ಕೆಲಸ ಆದ ಹಾಗೆಯೇ. ಎಳೆದು ಹೇಳಿದರೆ ಮುಂದಿನ ತಿಂಗಳು ಮತ್ತೆ ಕೇಳಬೇಕು. ಕಿಟಕಿಯ ಕಡೆ ಮುಖ ತಿರುಗಿಸಿ ‘ನೋಡೋಣಮ್ಮ’, ‘ನೋಡೋಣಪ್ಪ’ ಎಂದರೆ ಆ ಮಾತನ್ನು ಅಲ್ಲಿಗೇ ಬಿಟ್ಟುಬಿಡಬೇಕು. ಮೇಡಂ ಸಂದರ್ಶನಕ್ಕೆ ಬಂದಾಗ, ರಾತ್ರಿ ಹೊತ್ತಿನ ಕೆಲಸಕ್ಕೆ ಹೆಂಗಸು ಯಾಕೆ ಎಂದು ಕಾಲೇಜಿನ ಆಡಳಿತ ಸಮಿತಿಯ ಹಿರಿಯರೊಬ್ಬರು ಆಕ್ಷೇಪ ಎತ್ತಿದ್ದರಂತೆ. ಸಾರ್ ಕಿಟಕಿಯ ಕಡೆ ನೋಡುತ್ತಾ ‘ನೋಡೋಣಪ್ಪ’ ಎಂದು, ಮಾರನೆಯ ದಿನ ಬೆಳಿಗ್ಗೆಯೇ ಮೇಡಂ ಕೈಗೆ ನೇಮಕಾತಿ ಆದೇಶ ಕೊಟ್ಟರಂತೆ. ಆ ಋಣವನ್ನು ಮೇಡಂ ಎಂದೂ ಮರೆತವರಲ್ಲ. ಮರೆತಿದ್ದರೇ ಚೆನ್ನಾಗಿತ್ತೇನೋ ಎಂದು ನನಗೆ ಆಮೇಲೆ ಅನ್ನಿಸಿದ್ದುಂಟು.

ಈ ಪದದ ಮೇಲೆ ಮೇಡಂ ತರಗತಿಯಲ್ಲೇ ತಮಾಷೆ ಮಾಡುತ್ತಿದ್ದರು.

“ನೋಡೋಣ. ಈ ಕ್ರಿಯಾಪದಕ್ಕೆ ಕರ್ತೃ ಯಾರು?”

“ನಾವು, ಮೇಡಂ.”

“ನಾವು ಅಂದ್ರೆ ಯಾರ್ಯಾರು?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು.

“ಗೊತ್ತಿಲ್ಲ ಅಲ್ವಾ? ಅದಕ್ಕೇ ಆ ಕೆಲಸ ಆಗೋದೇ ಇಲ್ಲ” ಎಂದು ನಕ್ಕು ಮುಂದಿನ ಪದಕ್ಕೆ ಹೋಗುತ್ತಿದ್ದರು. ಪಕ್ಕದ ಕೊಠಡಿಯಲ್ಲಿ ಕೂತಿದ್ದ ಸಾರ್‌ಗೆ ಕೇಳಿಸಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದರೆಂದು ನನ್ನ ಗುಮಾನಿ. ಅವರೂ ಅಲ್ಲಿಂದಲೇ ಕೆಮ್ಮುತ್ತಿದ್ದರು.

ಅವರು ನಮಗೆ ಮಾಡಿದ ಉಪಕಾರಗಳನ್ನು ಪಟ್ಟಿ ಮಾಡಿದರೆ ಅವರಿಗೇ ಮುಜುಗರವಾದೀತು. ಎರಡನ್ನು ಮಾತ್ರ ಹೇಳುತ್ತೇನೆ. ಕೆಲಸ ಮುಗಿಸಿ ಬರುವ ನಮ್ಮಲ್ಲಿ ಅರ್ಧಕ್ಕರ್ಧ ಜನ ತಡವಾಗಿಯೇ ಬರುತ್ತಿದ್ದೆವು. ಮೇಡಂ ಎಂದೂ ಗದರಲಿಲ್ಲ. ಪಾಠದ ಮೊದಲ ಭಾಗವನ್ನು ಕೊನೆಯಲ್ಲಿ ಇನ್ನೊಮ್ಮೆ ಮಾಡುತ್ತಿದ್ದರು. ಬೇಗ ಬಂದವರು ಎದ್ದು ಹೋಗಬಹುದಿತ್ತು, ಹೋಗುತ್ತಿರಲಿಲ್ಲ. ಹೀಗಾಗಿ ನಾನು ಪದವಿಯ ಮೂರು ವರ್ಷವೂ ಪ್ರತಿ ಪಾಠದ ಆರಂಭವನ್ನು ಅಂತ್ಯದಲ್ಲೇ ಕೇಳಿದವಳು.

ಇನ್ನೊಂದು ನನ್ನ ಮನೆಯ ವಿಷಯ. ಹಗಲು ಔಷಧಿ ಅಂಗಡಿಯಲ್ಲಿ ಕೆಲಸ, ಸಂಜೆ ಕಾಲೇಜು ಎಂದು ಸೊಸೆ ಓಡಾಡುವುದು ನಮ್ಮತ್ತೆಗೆ ಹಿಡಿಸಿರಲಿಲ್ಲ. ಎರಡನೇ ವರ್ಷದ ಶುಲ್ಕ ಕಟ್ಟುವ ಹೊತ್ತಿಗೆ ಮನೆಯಲ್ಲಿ ಮಾತೇ ನಿಂತಿತ್ತು. ನಾನು ನಾಲ್ಕು ದಿನ ತರಗತಿಗೆ ಬಾರದಿದ್ದುದನ್ನು ಕಂಡು ಮೇಡಂ ಭಾನುವಾರ ಮಧ್ಯಾಹ್ನ ಮನೆಗೇ ಬಂದರು. ಅತ್ತೆ ಉಪಚಾರಕ್ಕೇನೂ ಕಡಿಮೆ ಮಾಡಲಿಲ್ಲ. ಮೇಡಂ ಹೇಳಿದ್ದನ್ನೆಲ್ಲ ತಲೆಯಾಡಿಸುತ್ತಾ ಕೇಳಿ, ಕೊನೆಗೆ, “ನೋಡೋಣ ಬಿಡಿ ಮೇಡಂ, ನೀವು ಇಷ್ಟು ದೂರ ಬಂದಿದ್ದೀರಿ” ಎಂದರು. ಬಾಗಿಲ ಮರೆಯಲ್ಲಿದ್ದ ನಾನು ಗೆದ್ದೆ ಎಂದುಕೊಂಡೆ. ಏಳಲು ಹೊರಟಿದ್ದ ಮೇಡಂ ಮತ್ತೆ ಕೂತರು.

“ನೋಡೋಣ ಅಂದ್ರೆ ಬೇಡ ಅಂತ ತಾನೇ ಅಮ್ಮಾ? ಬೇಡ ಅನ್ನೋದಾದ್ರೆ ಬೇಡ. ಯಾಕೆ ಬೇಡ ಅಂತ ಹೇಳಿ, ಕೇಳಿಸ್ಕೊಂಡು ಹೋಗ್ತೀನಿ.”

ಅತ್ತೆ, “ಓದೋದು ಬೇಡ ಅಂತ ನಾನೆಲ್ಲಿ ಅಂದೆ? ಬಸ್ ಇಳಿದು ಒಬ್ಬಳೇ ಬರ್ತಾಳೆ. ಆ ಬೀದೀಲಿ ಒಂದು ದೀಪ ಇಲ್ಲ. ನನ್ನ ಮಗ ಬೇರೆ ಊರಲ್ಲಿ. ಏನಾದ್ರೂ ಆದ್ರೆ ಅವನಿಗೆ ನಾನೇನು ಹೇಳಲಿ?” ಎಂದು ಕಣ್ಣೀರು ಹಾಕಿಬಿಟ್ಟರು. ಒಂದು ವರ್ಷದಿಂದ ಮನೆಯಲ್ಲಿ ನಡೆದಿದ್ದ ಜಗಳ ಒಂದು ಬೀದಿ ದೀಪದ್ದು ಎಂದು ನನಗೆ ಅಂದೇ ಗೊತ್ತಾದದ್ದು. ಮಾರನೆಯ ದಿನದಿಂದ ನಮ್ಮತ್ತೆ ಟಾರ್ಚ್ ಹಿಡಿದುಕೊಂಡು ಬಸ್ ನಿಲ್ದಾಣಕ್ಕೆ ಬರತೊಡಗಿದರು. ನಾನು ಪದವಿ ಮುಗಿಸುವವರೆಗೂ ಬಂದರು. ದಾರಿಯಲ್ಲಿ ಅಂದಿನ ಪಾಠವೇನೆಂದು ಕೇಳುತ್ತಿದ್ದರು, ಅವರಿಗೂ ಅಷ್ಟಿಷ್ಟು ಸಂಧಿ ಸಮಾಸ ಬಂದಿತ್ತು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ‘ನೋಡೋಣ’ ಎಂಬುದು ಬೇಡ ಎಂಬುದರ ಮರ್ಯಾದೆಯ ಉಡುಪು ಎಂದು ಮೇಡಂಗೆ ಚೆನ್ನಾಗಿ ಗೊತ್ತಿತ್ತು. ಅದರೊಳಗೆ ಒಂದು ಕಾರಣ ಇರುತ್ತದೆ, ಕೂತು ಕೇಳಿದರೆ ಅದು ಹೊರಗೆ ಬರುತ್ತದೆ ಎಂಬುದೂ ಗೊತ್ತಿತ್ತು. ಗೊತ್ತಿಲ್ಲದವರು ತಪ್ಪು ಮಾಡಿದ್ದರೆ ನಾನು ಈ ಲೇಖನವನ್ನು ಇಷ್ಟು ಸಂಕಟದಿಂದ ಬರೆಯಬೇಕಾಗಿರಲಿಲ್ಲ.

ಸಂಜೆ ಕಾಲೇಜಿನಿಂದ ಮೇಡಂ ವಿಶ್ವವಿದ್ಯಾಲಯದ ಕಚೇರಿಗೆ, ಅಲ್ಲಿಂದ ನಿರ್ದೇಶನಾಲಯಕ್ಕೆ ಹೋದರು. ಓದಿದರೆ ಅರ್ಥವಾಗುವಂಥ ಸುತ್ತೋಲೆಗಳು ಆ ಕಚೇರಿಯಿಂದ ಹೊರಬಿದ್ದದ್ದು ಅವರ ಕಾಲದಲ್ಲೇ. ಹಾಗಾಗಿ ಉನ್ನತ ಶಿಕ್ಷಣದ ಆಡಳಿತವನ್ನು ಹೊಸದಾಗಿ ರೂಪಿಸಲು ಸರಕಾರ ಆಯೋಗ ನೇಮಿಸಿದಾಗ ಅದರ ಸದಸ್ಯ ಕಾರ್ಯದರ್ಶಿಯಾಗಿ ಅವರನ್ನೇ ಆರಿಸಿದ್ದರಲ್ಲಿ ಆಶ್ಚರ್ಯವಿರಲಿಲ್ಲ.

ಪುನಾರಚನೆ ಅಗತ್ಯವಾಗಿರಲಿಲ್ಲವೆಂದು ನಾನು ಹೇಳಲಾರೆ. ಅಂದಿನ ಪಾಡು ಕಂಡವರಿಗೇ ಗೊತ್ತು. ಪ್ರತಿ ಕಾಲೇಜಿಗೂ ಒಂದು ಆಡಳಿತ ಸಮಿತಿ, ಅದರ ಮೇಲೆ ವಿಶ್ವವಿದ್ಯಾಲಯ, ಅದರ ಮೇಲೆ ನಿರ್ದೇಶನಾಲಯ, ಇವೆಲ್ಲದರ ಪಕ್ಕದಲ್ಲಿ ಕಟ್ಟಡಗಳಿಗೆ ಬೇರೆ ಇಲಾಖೆ. ನಮ್ಮ ಕಾಲೇಜಿನ ನಲ್ಲಿ ಕೆಟ್ಟು ಸೋರತೊಡಗಿದಾಗ ಅದು ಯಾರ ನಲ್ಲಿ ಎಂದು ತೀರ್ಮಾನವಾಗುವುದರೊಳಗೆ ಅದರ ಬುಡದಲ್ಲಿ ಪಪ್ಪಾಯಿ ಗಿಡವೊಂದು ಹುಟ್ಟಿ, ಬೆಳೆದು, ಹಣ್ಣು ಬಿಟ್ಟಿತು. ಹಣ್ಣನ್ನು ಮೂರನೇ ತರಗತಿಯ ಮಕ್ಕಳು ತಿಂದರು, ಫೈಲು ಇನ್ನೂ ಓಡಾಡುತ್ತಿತ್ತು. ಎಲ್ಲ ಕಾಲೇಜುಗಳಿಗೂ ಒಂದೇ ಮಂಡಳಿ, ಒಂದೇ ಬಾಗಿಲು ಎಂಬ ಆಲೋಚನೆಯನ್ನು ಮೇಡಂ ಮನಸಾರೆ ನಂಬಿದ್ದರು. ಆದರೆ ಕಾಯಿದೆಯ ಕರಡಿನಲ್ಲಿ ಅವರು ಒಂದು ಮಾತಿಗೆ ಪಟ್ಟು ಹಿಡಿದರು. ಯಾವುದೇ ಕಾಲೇಜಿನ ಅಧಿಕಾರ ಮಂಡಳಿಗೆ ಹೋಗಬೇಕಾದರೆ ಆ ಕಾಲೇಜಿನ ಸಮಿತಿ ಒಪ್ಪಿಗೆ ಕೊಡಬೇಕು. ಒಪ್ಪದ ಕಾಲೇಜಿನ ಸಮಿತಿ ಹಾಗೆಯೇ ಉಳಿಯಬೇಕು.

“ಒಂದು ಪದಕ್ಕೆ ಯಾಕಿಷ್ಟು ಹಠ ಮೇಡಂ?” ಎಂದು ಆಯೋಗದ ಅಧ್ಯಕ್ಷರು ಕೇಳಿದ್ದರಂತೆ. ಅವರು ನಿವೃತ್ತ ಅಧಿಕಾರಿ, ಚುರುಕಿನವರು, ಯಾವ ಊರಿಗೆ ಹೋದರೂ ಕಾರಿನ ಎಂಜಿನ್ ಆರಿಸಲು ಬಿಡದವರು.

“ಕೇಳದೆ ತಗೊಂಡ್ರೆ ಕಿತ್ಕೊಂಡ ಹಾಗಾಗುತ್ತೆ ಸಾರ್” ಎಂದು ಮೇಡಂ ಹೇಳಿದರು, ಪದ ಉಳಿಯಿತು.

ಒಪ್ಪಿಗೆ ಕೇಳಲು ಆಯೋಗ ಊರೂರಿಗೆ ಹೊರಟಿತು. ಮೊದಲು ಬಂದದ್ದೇ ನಮ್ಮ ಸಂಜೆ ಕಾಲೇಜಿಗೆ. ಆ ಹೊತ್ತಿಗೆ ನಾನು ಅಲ್ಲೇ ಅಧ್ಯಾಪಕಿಯಾಗಿದ್ದೆ. ಆಯೋಗದವರಿಗೂ ಬೇರೆ ಆಸನವಿರಲಿಲ್ಲ. ಅಧ್ಯಕ್ಷರು ಮಕ್ಕಳ ಬೆಂಚಿನ ಮೇಲೆ ಮೊಣಕಾಲನ್ನು ಗಲ್ಲದ ಹತ್ತಿರ ತಂದುಕೊಂಡು ಕೂತಿದ್ದರು. ಮೇಡಂ ಮಾತ್ರ ಅಭ್ಯಾಸದಂತೆ ಓರೆಯಾಗಿ ಕೂತರು. ತಾವು ಕೈಹಿಡಿದು ತಂದ ಹುಡುಗಿ ಆಯೋಗದ ಸಾಲಿನಲ್ಲಿ ಕೂತದ್ದನ್ನು ಕಂಡು ನೋಡೋಣ ಸಾರ್ ಅವರ ಮುಖ ಹಿಗ್ಗಿನಿಂದ ಅರಳಿತ್ತು. ವಿವರಣೆಯೆಲ್ಲ ಮುಗಿದ ಮೇಲೆ ಅಧ್ಯಕ್ಷರು ಕೇಳಿದರು.

“ಏನು ಪ್ರಿನ್ಸಿಪಾಲ್ರೇ, ನಿಮ್ಮ ಸಮಿತಿಗೆ ಒಪ್ಪಿಗೆ ತಾನೇ?”

ಸಾರ್ ಅಧ್ಯಕ್ಷರ ಕಡೆ ನೋಡಲಿಲ್ಲ. ಮೇಡಂ ಕಡೆ ಒಮ್ಮೆ ನೋಡಿ, ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿ, “ನೋಡೋಣಮ್ಮ” ಎಂದರು.

ಆ ಕೊಠಡಿಯಲ್ಲಿದ್ದ ನಮಗೆಲ್ಲ ಅದು ಅರ್ಥವಾಯಿತು. ಮೇಡಂಗೂ ಅರ್ಥವಾಯಿತೆಂಬುದು ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ ರೀತಿಯಲ್ಲೇ ಕಾಣುತ್ತಿತ್ತು. ಅಧ್ಯಕ್ಷರು ಅವರ ಕಡೆ ಬಾಗಿ, “ಒಪ್ಪಿಗೆ ಅಂತ ಬರ್ಕೊಳ್ಳೋದಾ? ಮುಂದಿನ ಕಾಲೇಜಿಗೆ ಹೊತ್ತಾಯ್ತು” ಎಂದರು.

“ಬೇಡ ಅಂದಿಲ್ಲ ಸಾರ್” ಎಂದರು ಮೇಡಂ.

“ಯಾರಿಗಾದ್ರೂ ಆಕ್ಷೇಪಣೆ ಇದೆಯಾ?”

ತಲೆಯ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ಯಾರೂ ಮಾತಾಡಲಿಲ್ಲ. ಇಷ್ಟೇ ನಡೆದದ್ದು. ಆಮೇಲೆ ಚಹಾ ಬಂತು.

ನಮ್ಮ ಜನಕ್ಕೆ ದಾಕ್ಷಿಣ್ಯ ಎಂಬ ಒಂದು ಗುಣವಿದೆ. ಅದನ್ನು ನಾವು ಸದ್ಗುಣವೆಂದೇ ಮಕ್ಕಳಿಗೆ ಕಲಿಸುತ್ತೇವೆ. ಮಗಳಂಥ ಮೇಡಂ ಮುಖಕ್ಕೆ ಹೊಡೆದಂತೆ ಬೇಡ ಎನ್ನಲು ಸಾರ್‌ಗೆ ದಾಕ್ಷಿಣ್ಯ. ನಾಲ್ಕು ಜನರ ಮುಂದೆ ಗುರುಸಮಾನರನ್ನು ‘ಸ್ಪಷ್ಟವಾಗಿ ಹೇಳಿ ಸಾರ್’ ಎಂದು ಎರಡನೇ ಸಲ ಕೇಳಲು ಮೇಡಂಗೆ ದಾಕ್ಷಿಣ್ಯ. ಅವರಿಬ್ಬರ ನಡುವೆ ಬಾಯಿ ಹಾಕಲು ನಮಗೆ ದಾಕ್ಷಿಣ್ಯ. ನಮ್ಮತ್ತೆಯ ಎದುರು ಎದ್ದವರು ಮತ್ತೆ ಕೂತಿದ್ದ ಮೇಡಂ ಅಂದು ಮಾತ್ರ ಕೂತಲ್ಲಿಂದ ಎದ್ದು ಹೋದರು. ಇಷ್ಟು ಜನ ಒಳ್ಳೆಯವರು ಸೇರಿ ಒಂದು ಸುಳ್ಳನ್ನು ಸರಕಾರಿ ದಾಖಲೆಯಲ್ಲಿ ಬರೆಸಿದೆವು, ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಅಲ್ಲಿಗೇ ನಿಂತಿದ್ದರೆ ಒಂದು ಕಾಲೇಜಿನ ಮಾತಾಗುತ್ತಿತ್ತು. ಆದರೆ ಮುಂದಿನ ಊರುಗಳಲ್ಲಿ ಯಾರಾದರೂ ‘ನೋಡೋಣ’ ಎಂದಾಗಲೆಲ್ಲ ಅಧ್ಯಕ್ಷರು, “ಅಲ್ಲೂ ಹಾಗೇ ಬರ್ಕೊಂಡಿದ್ವಲ್ಲ ಮೇಡಂ” ಎನ್ನತೊಡಗಿದರು. ಬೇಡ ಎಂದು ನೇರವಾಗಿ ಹೇಳುವ ಅಭ್ಯಾಸವಿದ್ದ ಕಾಲೇಜುಗಳು ನಮ್ಮಲ್ಲೆಷ್ಟು? ರಾಜ್ಯದ ಬಹುಪಾಲು ಸಮಿತಿಗಳು ಒಪ್ಪಿವೆ ಎಂದು ವರದಿ ಹೋಯಿತು, ಕಾಯಿದೆ ಬಂತು, ಒಪ್ಪಿದವೆಂದು ದಾಖಲಾದ ಸಮಿತಿಗಳು ಹೋದವು. ಅದೇ ಅಧ್ಯಕ್ಷರು ಹೊಸ ಮಂಡಳಿಗೂ ಅಧ್ಯಕ್ಷರಾದರು, ಮೇಡಂ ಕಾರ್ಯದರ್ಶಿಯಾದರು.

ಒಳ್ಳೆಯದು ಆಗಲಿಲ್ಲವೆಂದಲ್ಲ. ಸಂಬಳ ಎಲ್ಲರಿಗೂ ಒಂದೇ ದಿನ ಬರತೊಡಗಿತು. ವರ್ಗಾವಣೆಗೆ ಯಾರ ಮನೆ ಬಾಗಿಲನ್ನೂ ಕಾಯಬೇಕಿರಲಿಲ್ಲ. ನಲ್ಲಿ ರಿಪೇರಿಯಾಯಿತು, ಪಪ್ಪಾಯಿ ಗಿಡ ಒಣಗಿತು. ಆದರೆ ಮಂಡಳಿಯ ಎರಡನೇ ವರ್ಷ ಅದರ ಕೆಳಗಿನ ಎಲ್ಲ ಕಾಲೇಜುಗಳಿಗೂ ಒಂದೇ ವೇಳಾಪಟ್ಟಿ ಬಂತು. ಬೆಳಿಗ್ಗೆ ಹತ್ತರಿಂದ ತರಗತಿ. ಸಂಜೆ ಆರಕ್ಕೆ ಬರುವ ನಮ್ಮ ವಿದ್ಯಾರ್ಥಿಗಳು ಬೆಳಿಗ್ಗೆ ಹತ್ತಕ್ಕೆ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿರುತ್ತಾರೆ, ವಾರ್ಡಿನಲ್ಲಿ ನೆಲ ಒರೆಸುತ್ತಿರುತ್ತಾರೆ. ಹಿಂದೆ ಆಗಿದ್ದರೆ ನಮ್ಮ ಸಮಿತಿ ಅರ್ಧ ಗಂಟೆಯ ಸಭೆಯಲ್ಲಿ ಸಮಯ ಬದಲಿಸಿಕೊಳ್ಳುತ್ತಿತ್ತು. ಈಗ ಸಮಿತಿಯೇ ಇರಲಿಲ್ಲ. ಮಂಡಳಿಗೆ ಬರೆದರೆ ‘ಪರಿಶೀಲಿಸಲಾಗುವುದು’ ಎಂದು ಉತ್ತರ ಬಂತು. ಅದು ‘ನೋಡೋಣ’ದ ಕಚೇರಿ ರೂಪ ಎಂದು ಬೇರೆ ಹೇಳಬೇಕಿಲ್ಲ. ಮುಂದಿನ ವರ್ಷ ಸಂಜೆ ಕಾಲೇಜಿಗೆ ಪ್ರವೇಶ ಕೇಳಿಕೊಂಡು ಬಂದವರಿಗೆ ನಾವು ಬಾಗಿಲಲ್ಲೇ ನಿಂತು ಇಲ್ಲವೆಂದು ಹೇಳಿ ಕಳಿಸಿದೆವು. ನಮ್ಮನ್ನೆಲ್ಲ ಹಗಲಿನ ಕಾಲೇಜುಗಳಿಗೆ ಹಂಚಿದರು. ನಮ್ಮ ಕೆಲಸಕ್ಕೇನೂ ಕುತ್ತು ಬರಲಿಲ್ಲ, ಅದನ್ನು ಹೇಳಲೂ ನಾಚಿಕೆಯಾಗುತ್ತದೆ.

ಸಾರ್ ನಿವೃತ್ತರಾದರು. ಕೆಲವು ತಿಂಗಳ ಮೇಲೆ ಮೇಡಂ ನನಗೆ ಫೋನ್ ಮಾಡಿ, “ಸಾರ್ ಮನೆಗೆ ಹೋಗ್ಬೇಕು, ಒಬ್ಬಳೇ ಹೋಗೋ ಧೈರ್ಯ ಇಲ್ಲ, ಬರ್ತೀಯಾ?” ಎಂದು ಕೇಳಿದರು. ರಾಜ್ಯದ ಕುಲಪತಿಗಳೆಲ್ಲ ಯಾರ ಫೋನಿಗೆ ಎದ್ದು ನಿಲ್ಲುತ್ತಿದ್ದರೋ ಆ ಹೆಂಗಸು ಸಾರ್ ಮನೆಯ ಗೇಟಿನ ಚಿಲಕ ತೆಗೆಯಲಾರದೆ ನಿಂತದ್ದನ್ನು ನಾನು ಕಂಡಿದ್ದೇನೆ. ಸಾರ್ ಹೊರಗಿನ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಎದ್ದು ಬಂದು ತಾವೇ ಚಿಲಕ ತೆಗೆದರು. ಯೋಗಕ್ಷೇಮ, ಮೊಣಕಾಲು ನೋವು, ಮಗಳ ಮನೆಯ ಸುದ್ದಿ ಎಲ್ಲ ಆದ ಮೇಲೆ ಮೇಡಂ ತಲೆ ತಗ್ಗಿಸಿಕೊಂಡೇ ಕೇಳಿದರು.

“ಆವತ್ತು ಒಂದು ಸಲ ಬೇಡ ಅಂದುಬಿಡಬಾರದಾಗಿತ್ತಾ ಸಾರ್?”

“ನಿನ್ನ ಮುಖ ನೋಡ್ಕೊಂಡು ಹೇಗಮ್ಮ ಬೇಡ ಅನ್ನೋದು? ನಿನಗೆ ಗೊತ್ತಾಗುತ್ತೆ ಅಂದ್ಕೊಂಡೆ.”

“ಗೊತ್ತಾಗಿತ್ತು ಸಾರ್.”

ಸಾರ್ ಪೇಪರನ್ನು ಮಡಿಸಿ, ಮತ್ತೆ ಬಿಡಿಸಿ, ಮತ್ತೆ ಮಡಿಸಿದರು. ಒಳಗಿನಿಂದ ಅವರ ಮನೆಯವರು ಬಂದು ಊಟ ಮಾಡಿಕೊಂಡೇ ಹೋಗಬೇಕೆಂದರು. ಮಾಡಿಕೊಂಡು ಬಂದೆವು. ದಾರಿಯಲ್ಲಿ ಮೇಡಂ ಒಂದೇ ಮಾತು ಆಡಿದ್ದು: “ಬೈದಿದ್ರೆ ಚೆನ್ನಾಗಿತ್ತು ಕಣೇ.”

ಅಲ್ಲಿಂದ ಮುಂದೆ ಅವರು ಪ್ರತಿ ವರ್ಷ ಒಂದೇ ಪ್ರಸ್ತಾವವನ್ನು ಮಂಡಳಿಯ ಮುಂದೆ ಇಡತೊಡಗಿದರು. ಕಾಲೇಜುಗಳ ಸಮಿತಿಗಳನ್ನು ಮತ್ತೆ ರಚಿಸಬೇಕು, ತರಗತಿಯ ಸಮಯ ಗೊತ್ತುಮಾಡುವ ಅಧಿಕಾರವನ್ನು ಅವುಗಳಿಗೆ ಮರಳಿಸಬೇಕು. ಪ್ರತಿ ವರ್ಷವೂ ಅಧ್ಯಕ್ಷರು ನಗುನಗುತ್ತಾ ಅದನ್ನು ಮುಂದಿನ ಸಭೆಗೆ ತಳ್ಳುತ್ತಿದ್ದರು. ಹೀಗೇ ಮೇಡಂ ಸೇವೆಯ ಕೊನೆಯ ವರ್ಷ ಬಂತು, ಕೊನೆಯ ಸಭೆಯೂ ಬಂತು. ಈ ಸಲ ತಪ್ಪಿದರೆ ಆ ಪ್ರಸ್ತಾವವನ್ನು ಎತ್ತುವವರೇ ಇರಲಿಲ್ಲ. ಅಧ್ಯಾಪಕರ ಪ್ರತಿನಿಧಿಯಾಗಿ ಮಂಡಳಿಯಲ್ಲಿ ನಾನಿದ್ದೆನಲ್ಲ ಎಂದು ಯಾರಾದರೂ ಕೇಳಬಹುದು. ಇದ್ದೆ. ಬೆಂಬಲಿಸಿ ಮಾತಾಡಲು ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿಕೊಂಡು ಹೋಗಿದ್ದೆ.

“ನೋಡೋಣ ಮೇಡಂ, ಮುಂದಿನ ಸಭೇಲಿ” ಎಂದು ಅಧ್ಯಕ್ಷರು ಹಾಳೆ ಮಗುಚಿದರು.

ಕಾರ್ಯದರ್ಶಿ ಸಭೆಯಲ್ಲಿ ಎದ್ದು ನಿಲ್ಲುವ ಪದ್ಧತಿಯಿಲ್ಲ. ಮೇಡಂ ಎದ್ದು ನಿಂತರು.

“ಇದನ್ನ ಒಪ್ಪಿಗೆ ಅಂತ ಬರ್ಕೊಳ್ಳಲಾ ಸಾರ್?”

ಅಧ್ಯಕ್ಷರು ನಕ್ಕರು. “ಏನು ಮೇಡಂ, ನೋಡೋಣ ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ವಾ?”

“ಗೊತ್ತು ಸಾರ್. ಆವತ್ತೂ ಗೊತ್ತಿತ್ತು. ಸಂಜೆ ಕಾಲೇಜಿನ ಪ್ರಿನ್ಸಿಪಾಲ್ರು ಬೇಡ ಅಂದ್ರು. ನಾನು ಒಪ್ಪಿಗೆ ಅಂತ ಬರೆದೆ. ಕನ್ನಡ ಮೇಷ್ಟ್ರು ನಾನು, ಪದ ಅರ್ಥ ಆಗಲಿಲ್ಲ ಅಂತ ಹೇಳೋ ಹಾಗಿಲ್ಲ. ನನಗೆ ನಾಚಿಕೆಯಾಗುತ್ತೆ.” ಅವರು ಪೆನ್ನಿನ ಮುಚ್ಚಳ ತೆಗೆದು ಹಿಡಿದರು. “ಈಗ ನೀವು ಬೇಡ ಅನ್ನಿ ಸಾರ್. ಯಾಕೆ ಬೇಡ ಅಂತ ಒಂದು ಕಾರಣ ಹೇಳಿ, ಇದ್ದ ಹಾಗೇ ಬರ್ಕೊಂಡು ಎಲ್ಲಾ ಕಾಲೇಜಿಗೂ ಕಳಿಸ್ತೀನಿ. ನೋಡೋಣ ಅಂತ ಮಾತ್ರ ಅನ್ನಬೇಡಿ.”

ಅಧ್ಯಕ್ಷರ ನಗು ಅರ್ಧದಲ್ಲೇ ನಿಂತಿತು. ಅವರು ಕಾರಣ ಹುಡುಕುತ್ತಿದ್ದರೆಂಬುದು ನಮಗೆಲ್ಲ ಕಾಣುತ್ತಿತ್ತು. ಸಿಗಲಿಲ್ಲ. ಕಡೆಗೆ ನಮ್ಮ ಕಡೆ ತಿರುಗಿ, ಯಾರಾದರೂ ಒಬ್ಬರು ಕೈಹಿಡಿದಾರು ಎಂಬ ಆಸೆಯಿಂದ, ಹಳೆಯ ಪ್ರಶ್ನೆಯನ್ನೇ ಕೇಳಿದರು.

“ಯಾರಿಗಾದ್ರೂ ಆಕ್ಷೇಪಣೆ ಇದೆಯಾ?”

ಯಾರೂ ಮಾತಾಡಲಿಲ್ಲ. ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಬೇಕು ಎನ್ನುವ ಧೈರ್ಯವೂ ಇರಲಿಲ್ಲ. ಕನ್ನಡಿಯ ಮುಂದೆ ಚೆನ್ನಾಗಿ ಬಂದಿದ್ದ ಮಾತನ್ನು ನಾನು ಹಾಗೇ ಮನೆಗೆ ವಾಪಸು ಒಯ್ದೆ.

“ಸರಿ, ಒಪ್ಪಿಗೆ ಅಂತ ಬರ್ಕೊಳ್ಳಿ” ಎಂದರು ಅಧ್ಯಕ್ಷರು. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ದಾಖಲಾಯಿತು. ಅಂದು ಕಾಲೇಜನ್ನು ಮುಚ್ಚಿಸಿದ್ದ ಮೌನವೇ ಇಂದು ಅದನ್ನು ತೆರೆಸಿತು. ಎರಡು ಸಲವೂ ನಾವು ಮಾಡಿದ್ದು ಒಂದೇ ಕೆಲಸ. ಹೊರಗೆ ಬಂದಾಗ ಅಧ್ಯಾಪಕ ಮಿತ್ರರು ನನ್ನ ಕೈಕುಲುಕಿ, ‘ನೀವಿದ್ದದ್ದಕ್ಕೇ ಆಯ್ತು’ ಎಂದರು. ನಾನು ಕೈಮುಗಿದು ಸ್ವೀಕರಿಸಿದೆ. ಮಾನ್ಯ ಅಧ್ಯಕ್ಷರ ಲೇಖನವೂ ಈ ಗ್ರಂಥದಲ್ಲಿದೆ. ಸ್ಥಳದ ಅಭಾವದಿಂದ ಈ ಪ್ರಸಂಗ ಅದರಲ್ಲಿ ಬಿಟ್ಟುಹೋಗಿದೆ ಎಂದು ಕಾಣುತ್ತದೆ.

ಈಗ ಕರಡು ತಿದ್ದುತ್ತಿದ್ದ ದಿನಕ್ಕೆ ಮರಳುತ್ತೇನೆ. ‘ಸಂತೋಷದಿಂದ ಸಮ್ಮತಿಸಿರುತ್ತಾರೆ’ ಎಂಬ ಸಾಲು ಮುನ್ನುಡಿಯಲ್ಲೂ ಇತ್ತು. ಇಷ್ಟೆಲ್ಲ ಕಣ್ಣಾರೆ ಕಂಡ ಮೇಲೂ ನಾನು ಮೇಡಂ ಅವರ ‘ನೋಡೋಣ’ವನ್ನು ಒಪ್ಪಿಗೆ ಎಂದು ಬರೆದುಕೊಂಡಿದ್ದೆ. ಅಂದೇ ಸಂಜೆ ಅವರ ಮನೆಗೆ ಓಡಿದೆ.

“ಮೇಡಂ, ಪುಸ್ತಕದ ಬಗ್ಗೆ ನೀವು ನೋಡೋಣ ಅಂದಿದ್ರಿ. ಅದು ಬೇಡ ಅಂತ ತಾನೇ?”

“ಎಷ್ಟು ಅಚ್ಚಾಗಿದೆ?”

“ಅರ್ಧ.”

ಅವರು ತುಂಬ ಹೊತ್ತು ನಕ್ಕರು. ನಾನು ನಗಲಿಲ್ಲ. ಆಮೇಲೆ ಗಂಭೀರವಾಗಿ, “ನನ್ನ ಹೊಗಳೋ ಪುಸ್ತಕ ನನಗೆ ಬೇಡ. ಸಂಜೆ ಕಾಲೇಜಲ್ಲಿ ಏನಾಯ್ತು ಅಂತ ಯಾರಾದ್ರೂ ಒಬ್ಬರು ಇದ್ದ ಹಾಗೆ ಬರೆದ್ರೆ, ಹೌದು. ನನ್ನ ಮುಖ ನೋಡಿ ಒಂದು ಮಾತೂ ಬಿಡಬೇಡ” ಎಂದರು. ಈ ಲೇಖನ ಆ ‘ಹೌದು’ ಎಂಬ ಮಾತಿಗೆ ನಾನು ಸಲ್ಲಿಸಿದ ಬೆಲೆ. ಮುನ್ನುಡಿಯ ಆ ಸಾಲನ್ನು ತಿದ್ದಿಸಿದ್ದೇನೆ.

ಸಂಜೆ ಕಾಲೇಜು ಈ ವರ್ಷ ಮತ್ತೆ ಆರಂಭವಾಗಿದೆ. ಅದೇ ಕಟ್ಟಡ, ಅದೇ ಬೆಂಚು. ಕಾಲೇಜಿನ ಹೊಸ ಸಮಿತಿಗೆ ಹಿರಿಯ ಸದಸ್ಯರಾಗಿ ನೋಡೋಣ ಸಾರ್ ಅವರನ್ನೇ ಕರೆತಂದಿದ್ದಾರೆ. ಮೊಣಕಾಲು ನೋವಿದ್ದರೂ ದಿನವೂ ಆರಕ್ಕೆ ಬಂದು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮೇಡಂ ಅವರ ಅಭಿನಂದನ ಸಮಾರಂಭಕ್ಕೆ ಅವರೇ ಬಂದು ಆಶೀರ್ವದಿಸಬೇಕೆಂದು ಕೋರಿ, ಚಿನ್ನದ ಬಣ್ಣದ ಅಂಚಿನ ಆಹ್ವಾನ ಪತ್ರಿಕೆ ಹಿಡಿದು ಕಾಲೇಜಿಗೇ ಹೋದೆ. ಅವರು ಅದನ್ನು ದೂರ ಹಿಡಿದು ಓದಿದರು. ಅವರ ‘ನೋಡೋಣಮ್ಮ’ ಬಂದರೆ ಈ ಸಲ ಕೂತೇ ಇರುತ್ತೇನೆ, ಕಾರಣ ಕೇಳಿಯೇ ಏಳುತ್ತೇನೆ ಎಂದು ನಿಶ್ಚಯಿಸಿಕೊಂಡಿದ್ದೆ. ಅವರು ಕಿಟಕಿಯ ಕಡೆ ತಿರುಗಲಿಲ್ಲ. ನೇರವಾಗಿ ನನ್ನ ಮುಖ ನೋಡಿದರು.

“ಇಲ್ಲಮ್ಮ. ನಾನು ಬರಲ್ಲ.”

ನಾನು ಕಾರಣ ಕೇಳುವ ಮೊದಲೇ ಅವರೇ ಹೇಳಿದರು.

“ಸಂಜೆ ಆರಕ್ಕೆ ಇಟ್ಕೊಂಡಿದ್ದೀರಲ್ಲ ಸಮಾರಂಭ. ಅದು ಕ್ಲಾಸಿನ ಹೊತ್ತು. ನೀನು ಇಲ್ಲೇ ಓದಿದವಳು, ಇಲ್ಲೇ ಪಾಠ ಮಾಡಿದವಳು. ನಾಚಿಕೆಯಾಗಲ್ವಾ ನಿನಗೆ?”

ಆಯಿತು. ಎಷ್ಟೋ ವರ್ಷಗಳಿಂದ ನಮಗೆ ಬರಬೇಕಾಗಿದ್ದ ಬೈಗುಳ ಅಂದು ಬಂತು. ಅದನ್ನು ಮೇಡಂಗೆ ಹೋಗಿ ಹೇಳಿದಾಗ ಅವರು ಕನ್ನಡಕ ತೆಗೆದು, ಒರೆಸಿಕೊಳ್ಳದೆ, ಹಾಗೇ ಕೈಯಲ್ಲಿ ಹಿಡಿದು ಕೂತರು.

ಸಮಾರಂಭವನ್ನು ಭಾನುವಾರ ಬೆಳಿಗ್ಗೆಗೆ ಬದಲಿಸಿದ್ದೇವೆ; ಹಳೆಯ ಆಹ್ವಾನ ಪತ್ರಿಕೆ ಇರುವವರು ದಯವಿಟ್ಟು ಗಮನಿಸಬೇಕು. ಸಾರ್ ಬರುತ್ತೇನೆಂದು ಹೇಳಿದ್ದಾರೆ, ‘ಬರ್ತೀನಿ’ ಎಂಬ ಪದವನ್ನೇ ಬಳಸಿ ಹೇಳಿದ್ದಾರೆ. ನಿವೃತ್ತಿಯ ಮಾರನೆಯ ದಿನದಿಂದ ಮೇಡಂ ಸಂಜೆ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ವ್ಯಾಕರಣ ಹೇಳಿಕೊಡಲಿದ್ದಾರೆ. ಏಳರ ಮಗ್ಗಿಯ ಪಕ್ಕದ ಅರ್ಧ ಹಲಗೆ ಅವರಿಗಾಗಿ ಖಾಲಿ ಇದೆ. ಅವರಿಗೆ ದೀರ್ಘಾಯುಷ್ಯವೂ ಗಟ್ಟಿ ದನಿಯೂ ಇರಲಿ, ತಡವಾಗಿ ಬಂದವರಿಗೆ ಮೊದಲಿನ ಪಾಠವನ್ನು ಕೊನೆಯಲ್ಲಿ ಇನ್ನೊಮ್ಮೆ ಹೇಳುವ ತಾಳ್ಮೆ ಎಂದಿಗೂ ಕುಂದದಿರಲಿ. ನಾವೆಲ್ಲ ತಡವಾಗಿಯೇ ಬಂದವರು.